ಕೀಬೋರ್ಡಿಗೆ ಬುದ್ಧಿ ಹಾಕುವ ಅಕ್ಕೋರು

ಅಕ್ಕೋರು ಹೋದರು ಅನ್ನುವ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಕಣ್ಣೀರು ಹಾಕಿದವರು, ಅವರಿಂದ ಎಲ್ಲರಿಗಿಂತ ಹೆಚ್ಚು ಕಾಟ ಉಂಡಿದ್ದ ಸೂಪರಿಂಟೆಂಡೆಂಟ್ ಸಾಹೇಬರು. ಕನ್ನಡಕ ತೆಗೆದು ಫೈಲಿನ ಮೇಲಿಟ್ಟು, ಕರ್ಚೀಫಿನಿಂದ ಮುಖ ಒರೆಸಿಕೊಂಡು, “ಇನ್ನ ಮ್ಯಾಲ ನನ್ನ ಕೂಡ ಚ್ಯಾಷ್ಟಿ ಮಾಡೋರು ಯಾರು?” ಅಂದರು. ನಾವೆಲ್ಲ ಅಳುತ್ತಿದ್ದವರು ನಕ್ಕುಬಿಟ್ಟೆವು. ಆಮೇಲೆ ನಕ್ಕಿದ್ದಕ್ಕೆ ನಮಗೇ ನಾಚಿಕೆಯಾಯಿತು.

ನಮ್ಮದು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಚೇರಿಗಳಲ್ಲಿ ಒಂದು. ಯಾವುದು ಅಂತ ಹೇಳುವುದಿಲ್ಲ; ಸಾಹೇಬರು ಕೈಗೆ ಸಿಕ್ಕಿದ್ದೆಲ್ಲ ಓದುವವರು. ಅಕ್ಕೋರು ಅಲ್ಲಿ ಟೈಪಿಸ್ಟ್. ನೌಕರಿಗೆ ಸೇರುವ ಮೊದಲು ಶಹಾಪುರದಲ್ಲಿ ಟೈಪಿಂಗ್ ಕ್ಲಾಸ್ ನಡೆಸಿದವರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ರೂಢಿ, ಹಾಗಾಗಿ ಜವಾನರಿಂದ ಸಾಹೇಬರ ತನಕ ಎಲ್ಲರ ಬಾಯಲ್ಲೂ ಅವರು ಅಕ್ಕೋರೇ. ದಿನಾ ಸುರಪುರದಿಂದ ಬಸ್ಸಿಗೆ ಬಂದು ಹೋಗಿ ಮಾಡುತ್ತಿದ್ದರು. ಕುಳ್ಳಗೆ, ದುಂಡಗೆ, ಹಣೆ ತುಂಬ ಕುಂಕುಮ. ತುರುಬಿನಲ್ಲಿ ಹೂವಿನ ಪಕ್ಕ ಒಂದು ಸಣ್ಣ ಸ್ಕ್ರೂಡ್ರೈವರ್. ಬಸ್ಸಿನಲ್ಲಿ ಯಾರಾದರೂ ಅದೇನೆಂದು ಕೇಳಿದರೆ, “ತಲಿ ಸಡ್ಲ ಆದ್ರ ಬಿಗಿ ಮಾಡಾಕ ಬೇಕಲ್ಲ” ಅನ್ನುತ್ತಿದ್ದರು.

ಅವರ ಕೀಬೋರ್ಡು ಒಂದು ಗೇಣಿಗಿಂತ ತುಸು ಉದ್ದ. ಅಂಕಿಗಳ ಸಾಲಿಲ್ಲ, ಬಲಗಡೆಯ ಗುಂಡಿಗಳ ಗುಂಪಿಲ್ಲ, ಯಾವ ಗುಂಡಿಯ ಮೇಲೂ ಅಕ್ಷರವೂ ಇಲ್ಲ. ಪೂರಾ ಬೋಳು. ಬಿಡಿಭಾಗಗಳನ್ನು ತರಿಸಿ, ಒಂದೊಂದು ಗುಂಡಿಯನ್ನೂ ತಾವೇ ಬೆಸುಗೆ ಹಾಕಿ ಕೂಡಿಸಿದ್ದು. ಅವರು ಹೊಡೆಯಲು ಕೂತರೆ ಕಡಲೆ ಹುರಿದಂಥ ಸಪ್ಪಳ ಹೊರಗಿನ ವರಾಂಡದ ತನಕ ಕೇಳುತ್ತಿತ್ತು.

“ಅಕ್ಷರ ಇಲ್ಲಲ್ರಿ ಅಕ್ಕೋರ, ಹೆಂಗ ಗೊತ್ತಾಗ್ತದ?” ಅಂತ ನಾನೂ ಮೊದಲ ದಿನವೇ ಕೇಳಿದ್ದೆ.

“ರೊಟ್ಟಿ ಬಡಿಯೋವಾಗ ಕೈ ನೋಡ್ತಿಯೇನು?” ಅಂದರು.

ನಾನು ಆ ದಿನ ಎಡಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಕೂತಿದ್ದೆ. ನಮ್ಮೂರು ಕಕ್ಕೇರಾ ಕಡೆ. ಮನೆಯಲ್ಲಿ ಕುರಿ ಇದ್ದವು. ಎಂಟು ವರ್ಷದವಳಿದ್ದಾಗ ಕುರಿಗಳ ಮೇವಿಗೆ ಕಣಕಿ, ಅಂದರೆ ಜೋಳದ ದಂಟು, ಕತ್ತರಿಸುವ ಮಷೀನಿಗೆ ಕೈ ಸಿಕ್ಕು ಕಿರುಬೆರಳು ಪೂರಾ ಹೋಯಿತು, ಪಕ್ಕದ ಉಂಗುರದ ಬೆರಳು ಅರ್ಧ ಉಳಿಯಿತು. ಕಾಲುವೆ ಗೇಟು ಕಾಯುವ ನೌಕರಿಯಲ್ಲಿದ್ದ ಅಪ್ಪ ನೌಕರಿಯಲ್ಲಿರುವಾಗಲೇ ತೀರಿಕೊಂಡ. ಅನುಕಂಪದ ಆಧಾರದ ಮೇಲೆ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಒಂದು ಷರತ್ತು: ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಬೇಕು. ಎರಡೇ ಅವಕಾಶ. ಆಗದಿದ್ದರೆ ನೌಕರಿ ಕಾಯಂ ಇಲ್ಲ. ಊರಲ್ಲಿ ಅವ್ವ, ಓದುತ್ತಿರುವ ಇಬ್ಬರು ತಂಗಿಯರು.

ಸಾಹೇಬರು ನನ್ನ ಕೈ ನೋಡಿ, “ಪಾಪ, ಈ ಹುಡುಗಿ ಹೆಂಗ ಟೈಪ್ ಮಾಡ್ಬೇಕು?” ಅಂತ ಲೊಚಗುಟ್ಟಿದರು. ಅಕ್ಕೋರು ಲೊಚಗುಟ್ಟಲಿಲ್ಲ.

“ಎಷ್ಟು ಅದಾವ?” ಅಂತ ಕೇಳಿದರು.

“ಎಂಟೂವರಿ ಅದಾವ್ರಿ.”

“ಭಾಳ ಆದ್ವು. ಹತ್ತಿಟ್ಕೊಂಡು ಎರಡರಾಗ ಹೊಡಿಯೋರು ಅದಾರ ಇಲ್ಲಿ,” ಅಂತ ಸಾಹೇಬರ ಕಡೆ ನೋಡಿದರು. ಸಾಹೇಬರು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಮರುದಿನವೇ ಊಟದ ಹೊತ್ತಿನಲ್ಲಿ ನನ್ನನ್ನು ರೆಕಾರ್ಡ್ ರೂಮಿಗೆ ಕರೆದೊಯ್ದರು. ಒಂದು ಹಳೆಯ ಹಾಳೆಯನ್ನು ಮಗುಚಿ ಹಾಕಿ, “ಕೈ ಇಡು” ಅಂದರು. ನಾನು ಬಲಗೈ ಇಟ್ಟೆ. “ಅದಲ್ಲ.” ಎಡಗೈ ಇಟ್ಟೆ. ಅದರ ಸುತ್ತ ಪೆನ್ಸಿಲ್ ಓಡಿಸಿದರು. ಅರ್ಧ ಬೆರಳಿನ ತುದಿಯನ್ನು ಸ್ಕೇಲಿನಿಂದ ಅಳೆದರು. ಅಷ್ಟು ವರ್ಷದಲ್ಲಿ ಆ ಬೆರಳನ್ನು ನೋಡಿ ಮುಖ ಕಿವುಚದೆ ಕೆಲಸ ಮಾಡಿದವರು ಅವರೊಬ್ಬರೇ. “ಇದಕ್ಕೂ ಒಂದು ಗುಂಡಿ ಕೊಡೂಣು. ಇಷ್ಟು ದಿನ ಸುಮ್ನ ಪಗಾರ ತಿಂದದ,” ಅಂದರು.

ಹೀಗೆ ನನಗೊಂದು ಕೀಬೋರ್ಡು ತಯಾರಾಯಿತು. ಅದರೊಳಗಿನ ವಿಷಯವನ್ನು ಅವರು ನನಗೆ ಹೇಳಿದ ಹಾಗೆಯೇ ಹೇಳುತ್ತೇನೆ. ಪ್ರತಿ ಕೀಬೋರ್ಡಿನ ಹೊಟ್ಟೆಯಲ್ಲೂ ಒಂದು ಚಿಪ್ ಇರುತ್ತದೆ. ಯಾವ ಗುಂಡಿ ಒತ್ತಿದರೆ ಕಂಪ್ಯೂಟರಿಗೆ ಏನು ಹೇಳಬೇಕು ಅನ್ನುವುದು ಆ ಚಿಪ್ಪಿನಲ್ಲಿ ಬರೆದಿರುತ್ತದೆ. ಅದಕ್ಕೆ ಫರ್ಮ್‌ವೇರ್ ಅಂತಾರೆ, ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದಕ್ಕೆ ಫ್ಲ್ಯಾಶ್ ಮಾಡೋದು ಅಂತಾರೆ. ಅಕ್ಕೋರು ಮಾತ್ರ ‘ಬುದ್ಧಿ ಹಾಕೋದು’ ಅನ್ನುತ್ತಿದ್ದರು. “ಮನಷ್ಯಾರಿಗೆ ಹಾಕಿ ಹಾಕಿ ಸಾಕಾಗ್ಯದ. ಇದು ಹೇಳಿದ್ದು ಕೇಳ್ತದ,” ಅನ್ನುವುದು ಅವರ ಮಾತು.

ಬುದ್ಧಿ ಹಾಕುವಾಗ ಅವರನ್ನು ನೋಡಬೇಕಿತ್ತು. ಕೀಬೋರ್ಡಿನ ಬೆನ್ನಿಗೆ ಒಂದು ಸಣ್ಣ ತೂತು. ಅದರೊಳಗಿನ ಗುಂಡಿ ಒತ್ತಲು ಚೂಪಾದದ್ದು ಬೇಕು. ಹೆಗಲ ಮೇಲಿನ ಸೆರಗಿನ ಪಿನ್ನು ಕೀಳುತ್ತಿದ್ದರು; ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಪಿನ್ನು ಚುಚ್ಚಿ, ಹೊಸ ಫೈಲು ಹಾಕಿ, ಬೋರ್ಡು ಪಿಳಕ್ ಅಂದು ಮತ್ತೆ ಎಚ್ಚರವಾಗುವ ತನಕ ಅವರು ಮಾತಾಡುವಂತಿರಲಿಲ್ಲ. ಕಚೇರಿಯಲ್ಲಿ ಅವರ ಬಾಯಿ ಮುಚ್ಚಿರುತ್ತಿದ್ದ ಹೊತ್ತು ಅದೊಂದೇ.

ನನ್ನ ಕೀಬೋರ್ಡಿನಲ್ಲಿ ಕಿರುಬೆರಳಿನ ಕೆಲಸಗಳೆಲ್ಲ ಹೆಬ್ಬೆರಳಿಗೆ ಬಂದವು. ಕನ್ನಡ ಟೈಪಿಂಗಿನಲ್ಲಿ ದೀರ್ಘಕ್ಕೆ, ಮಹಾಪ್ರಾಣಕ್ಕೆ ಹೆಜ್ಜೆ ಹೆಜ್ಜೆಗೂ ಶಿಫ್ಟ್ ಬೇಕು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ಬಿಟ್ಟರೆ ಸಾಕು, ಒತ್ತಿ ಹಿಡಿಯಬೇಕಿಲ್ಲ. ಒತ್ತಕ್ಷರ ಕೂಡಿಸುವ ಗುಂಡಿ ನನ್ನ ಅರ್ಧ ಬೆರಳಿನ ಕೆಳಗೇ ಬಂತು. ಒಂದು ತಿಂಗಳಲ್ಲಿ ನನ್ನ ಕೈ ಓಡತೊಡಗಿತು.

ಈಗ ಸಾಹೇಬರ ಚಹದ ವಿಷಯ ಹೇಳಬೇಕು.

ಸಾಹೇಬರಿಗೆ ಓದದೆ ಸಹಿ ಹಾಕುವ ಚಟ. ಮೇಲಿನಿಂದ ತಪ್ಪು ಬಂದಾಗ ಮಾತ್ರ, “ಟೈಪಿಸ್ಟ್ ತಪ್ಪದು” ಅನ್ನುತ್ತಿದ್ದರು. ಅಕ್ಕೋರು ಎರಡು ಸಲ ಹೇಳಿ ನೋಡಿದರು. ಅಷ್ಟರಲ್ಲಿ ಸಾಹೇಬರ ಕೀಬೋರ್ಡು ಕೆಟ್ಟಿತು. ಅಕ್ಕೋರು ಮನೆಯಿಂದ ತಮ್ಮದೊಂದು ಹಳೆಯದನ್ನು, ಅಕ್ಷರ ಇರುವುದನ್ನೇ, ತಂದು ಕೊಟ್ಟರು. ಸಾಹೇಬರಿಗೆ ಬಹಳ ಖುಷಿಯಾಯಿತು. ಆ ಕೀಬೋರ್ಡಿಗೆ ಹಾಕಿದ್ದ ಬುದ್ಧಿ ಏನೆಂದರೆ, ಪ್ರಿಂಟ್ ಕೊಡಲು ಗುಂಡಿ ಒತ್ತಿದ ಕೂಡಲೇ ಅದು ಮೊದಲು ತಾನಾಗಿ ಒಂದು ಸಾಲು ಟೈಪ್ ಮಾಡಿ, ಆಮೇಲೆ ಪ್ರಿಂಟಿಗೆ ಕಳಿಸುತ್ತಿತ್ತು.

ಸಾಹೇಬರು ಸ್ವತಃ ಕೂತು ಮೇಲಧಿಕಾರಿಗೆ ಪತ್ರ ಬರೆದರು, ಎಂದಿನಂತೆ ಓದದೆ ಸಹಿ ಹಾಕಿದರು, ಕಳಿಸಿದರು. ಮರುದಿನ ಫೋನು ಬಂತು. ಸಾಹೇಬರು ಎದ್ದು ನಿಂತೇ ಮಾತಾಡಿದರು. “ಹೌದ್ರಿ ಸರ್… ಏನ್ರಿ ಸರ್?… ಚಾ ಏನ್ರಿ ಸರ್?” ಪತ್ರದ ಪ್ರತಿ ತರಿಸಿದರು. ‘ತಮ್ಮ ಅವಗಾಹನೆಗಾಗಿ ಸಲ್ಲಿಸಲಾಗಿದೆ’ ಅನ್ನುವುದರ ಕೆಳಗೆ, ಸಹಿಯ ಮೇಲೆ, ಚೊಕ್ಕವಾಗಿ ಅಚ್ಚಾಗಿತ್ತು: ‘ಸಾಹೇಬ್ರು ಚಾ ಕುಡ್ಯಾಕ ಹೋಗ್ಯಾರ.’ ಮೇಲಧಿಕಾರಿ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಕುಡದು ಬಂದ್ರೇನ್ರಿ?”

ಅಂದಿನಿಂದ ಸಾಹೇಬರು ಎಲ್ಲವನ್ನೂ ಓದಿ ಸಹಿ ಹಾಕತೊಡಗಿದರು.

ಅದೇ ಸಾಲನ್ನು ಅಕ್ಕೋರು ತಮ್ಮ ಕೀಬೋರ್ಡಿನಲ್ಲಿ ಕಾವಲಿಗೂ ಇಟ್ಟಿದ್ದರು. ಸೀಟು ಬಿಟ್ಟು ಏಳುವಾಗ ಎಡಗಡೆಯ ಮೂಲೆಯ ಗುಂಡಿ, ಬಲಗಡೆಯ ಮೂಲೆಯ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹೋಗುವರು. ಆಮೇಲೆ ಯಾರು ಯಾವ ಗುಂಡಿ ಮುಟ್ಟಿದರೂ ಬರುವುದು ಆ ಒಂದೇ ಸಾಲು. ತಮ್ಮದರ ಬುದ್ಧಿಯನ್ನೇ ನಕಲು ಮಾಡಿ ನನ್ನದಕ್ಕೂ ಹಾಕಿದ್ದರಿಂದ, ನನ್ನದರಲ್ಲೂ ಅದು ಕೂತಿತ್ತು.

“ಅದೊಂದು ತಗೀರಿ ಅಕ್ಕೋರ, ಪರೀಕ್ಷಾ ಅದ,” ಅಂತ ನಾನು ಹೇಳಿದ್ದೆ.

“ಇರ್ಲಿ ಬಿಡು. ಎರಡೂ ಮೂಲಿ ಒಟ್ಟಿಗೆ ಯಾರು ಒತ್ತತಾರ?”

ಪರೀಕ್ಷೆ ಯಾದಗಿರಿಯಲ್ಲಿ. ನನ್ನ ಕೈಯ ಕಾರಣ ಸ್ವಂತ ಕೀಬೋರ್ಡು ತರಲು ಮೊದಲೇ ಒಪ್ಪಿಗೆ ಸಿಕ್ಕಿತ್ತು. ಅಕ್ಕೋರು ರಜೆ ಹಾಕಿ ಜೊತೆಗೆ ಬಂದರು. ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ ಬುತ್ತಿಚೀಲದಲ್ಲಿ ಇಟ್ಟುಕೊಂಡಿದ್ದರು. ಪರೀಕ್ಷಾ ಕೋಣೆಯ ಮೇಲ್ವಿಚಾರಕಿ ವಯಸ್ಸಾದ ಹೆಣ್ಣುಮಗಳು, ಮೃದು ಮಾತು. “ಅಕ್ಷರನ ಇಲ್ಲಲ್ಲವ್ವ ಇದರಾಗ!” ಅಂತ ಬೆರಗಾಗಿ, ಕಂಪ್ಯೂಟರಿಗೆ ಸಿಕ್ಕಿಸಿದ್ದನ್ನು ಎರಡೂ ಕೈಯಿಂದ ಎತ್ತಿ ಕೆಳಗೇನಿದೆ ನೋಡಿದರು. ಎತ್ತುವಾಗ ಅವರ ಹೆಬ್ಬೆರಳುಗಳು ಎರಡೂ ಮೂಲೆಯ ಮೇಲೆ ಬಿದ್ದವು.

ಕೆಳಗಿಟ್ಟು ಒಂದು ಗುಂಡಿ ಒತ್ತಿದರು.

‘ಸಾಹೇಬ್ರು ಚಾ ಕುಡ್ಯಾಕ ಹೋಗ್ಯಾರ.’

ಇನ್ನೊಂದು ಒತ್ತಿದರು. ಮತ್ತೆ ಅದೇ. ಪಕ್ಕದ ಸಾಲಿನವರು ಕಿಸಕ್ ಅಂದರು. ಮೇಲ್ವಿಚಾರಕಿ ನಗಲಿಲ್ಲ. “ಇದರಾಗ ಬರದಿಟ್ಕೊಂಡು ಬಂದೀರಿ?” ಅಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಓಡಿಬಂದು, “ಅದು ನಂದು ಚ್ಯಾಷ್ಟಿ ರೀ ಮೇಡಂ, ಈ ಹುಡುಗಿದಲ್ಲ. ನಿಮ್ಮೆದುರಿಗೇ ಅಳಿಸ್ತೀನಿ,” ಅಂದರು.

“ಅಳಿಸಿದ ಮ್ಯಾಲ ಒಳಗ ಇನ್ನೇನು ಉಳದದ ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಉಳದವರಿಗೆ ನಾ ಏನು ಹೇಳ್ಲಿ? ಇಲ್ಲಿದ್ದದ್ದರಾಗ ಹೊಡಿಲಿ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿದ್ದ ದೊಡ್ಡ ಕೀಬೋರ್ಡಿನ ಮುಂದೆ ನನ್ನ ಕೈ ಊರು ಬಿಟ್ಟು ಬಂದವರ ಹಾಗೆ ತಡವರಿಸಿತು. ಅರ್ಧ ಪುಟವೂ ಮುಗಿಯಲಿಲ್ಲ. ಹೊರಗೆ ಬಂದಾಗ ಅಕ್ಕೋರು ಗೇಟಿನ ಹತ್ತಿರ ನಿಂತಿದ್ದರು. ನನ್ನ ಮುಖ ನೋಡಿ, “ಚಾ ಕುಡಿತಿ?” ಅಂದುಬಿಟ್ಟರು. ಅಂದ ಮೇಲೆ ಆ ಮಾತು ಅವರಿಗೇ ಚುಚ್ಚಿತು. ಬಾಯಿಗೆ ಸೆರಗು ಹಿಡಿದರು.

ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ, “ತಪ್ಪು ನಂದು,” ಅಂದರು. ನಾನು ಕಿಟಕಿಯ ಕಡೆಯೇ ನೋಡುತ್ತ ಹೇಳಿದೆ: “ನಿಮಗ ಇದು ಆಟ ಅಕ್ಕೋರ. ನನಗ ಇದು ನಮ್ಮಪ್ಪನ ಜಾಗ.”

ಆಮೇಲೆ ಹದಿನೈದು ದಿನ ನಾನು ಅವರ ಸೀಟಿನ ಕಡೆ ಹೋಗಲಿಲ್ಲ. ಅವರೂ ಕರೆಯಲಿಲ್ಲ. ಬಂದು ಕೂತು, ಹೊಡೆದು, ಎದ್ದು ಹೋಗುತ್ತಿದ್ದರು. ಕಚೇರಿಯಲ್ಲಿ ಯಾವ ಚೇಷ್ಟೆಯೂ ನಡೆಯಲಿಲ್ಲ. ಒಂದು ವಾರ ಎಲ್ಲರಿಗೂ ಹಾಯೆನಿಸಿತು. ಎರಡನೇ ವಾರಕ್ಕೆ ಸಾಹೇಬರೇ ನನ್ನ ಮೇಜಿನ ಹತ್ತಿರ ಬಂದು ದನಿ ಇಳಿಸಿದರು.

“ತಂಗಿ, ಅಕ್ಕೋರಿಗೆ ಏನಾಗ್ಯದ? ನಾ ಹೊಡದದ್ದೆಲ್ಲ ಬರೋಬರಿ ಬರಾಕತ್ತದ. ನನಗ ಹೆದರಿಕಿ ಆಗಾಕತ್ತದ.”

ನಡೆದದ್ದನ್ನು ಹೇಳಿದೆ. ಸಾಹೇಬರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. “ಆ ಸಾಲು ನನ್ನ ಸಲುವಾಗಿ ಹುಟ್ಟಿದ್ದು. ಅಂದ ಮ್ಯಾಲ ಅದರಾಗ ನಂದೂ ಪಾಲು ಅದ,” ಅಂದರು. ಅವತ್ತೇ ಪರೀಕ್ಷೆಯವರಿಗೆ ಪತ್ರ ಬರೆಸಿದರು: ಮುಂದಿನ ಸಲ ಕೀಬೋರ್ಡನ್ನು ಒಂದು ದಿನ ಮೊದಲೇ ಒಪ್ಪಿಸುತ್ತೇವೆ, ಯಾವ ಗುಂಡಿಗೆ ಏನು ಕೆಲಸ ಅನ್ನುವ ಪಟ್ಟಿಯನ್ನೂ ಕೊಡುತ್ತೇವೆ, ತಾವು ಪರಿಶೀಲಿಸಿ ಇಟ್ಟುಕೊಳ್ಳಬೇಕು ಅಂತ. ಆ ಪತ್ರವನ್ನು ಮೂರು ಸಲ ಓದಿ ಸಹಿ ಹಾಕಿದರು. ಒಪ್ಪಿಗೆ ಬಂತು.

ಅದನ್ನು ಹಿಡಿದು ನಾನೇ ಅಕ್ಕೋರ ಸೀಟಿಗೆ ಹೋದೆ. ಓದಿದರು. ಡ್ರಾವರಿನಿಂದ ನನ್ನ ಕೀಬೋರ್ಡು ತೆಗೆದು ನನ್ನ ಮುಂದೆ ತಳ್ಳಿದರು.

“ಈ ಸಲ ನಾ ಮುಟ್ಟಂಗಿಲ್ಲ. ನೀನ ಬರಿ, ನೀನ ಹಾಕು. ಕೈ ನಿಂದು, ಬುದ್ಧಿನೂ ನಿಂದ ಇರ್ಲಿ.”

ಭಾನುವಾರಗಳಂದು ಸುರಪುರಕ್ಕೆ ಹೋಗತೊಡಗಿದೆ. ಅವರ ಮನೆಯ ಮುಂಭಾಗವೇ ಗಂಡನ ರೇಡಿಯೋ ರಿಪೇರಿ ಅಂಗಡಿ. ಈಗ ರೇಡಿಯೋ ತರುವವರಿಲ್ಲ. ಮಿಕ್ಸರು, ಟಾರ್ಚು, ದೇವಸ್ಥಾನದ ಮೈಕು ಬರುತ್ತವೆ. ಕಾಕಾ ಅಂತ ನಾನು ಕರೆಯುತ್ತಿದ್ದ ಆ ಮನುಷ್ಯ ಒಂದು ಗಂಟೆಗೆ ಒಂದು ಮಾತಾಡಿದರೆ ಹೆಚ್ಚು. ಬೆಸುಗೆ ಕೆಲಸ ಅಕ್ಕೋರಿಗೆ ಅವರಿಂದ ಬಂದದ್ದು ಅಂದುಕೊಂಡು ಕೇಳಿದೆ. “ಲಗ್ನ ಆಗಿ ಬಂದ ಮೂರನೇ ದಿನಕ್ಕ ನನ್ನ ಬೆಸುಗಿ ಸರಿ ಇಲ್ಲ ಅಂದಾಕಿ ಇಕಿ,” ಅಂದರು. ಅವತ್ತಿನ ಮಾತು ಅಲ್ಲಿಗೆ ಮುಗಿಯಿತು.

ನಾನು ಬರೆಯುವುದು, ಅಕ್ಕೋರು ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುವುದು. ನಾನು ತಪ್ಪು ಮಾಡಿದಾಗ ಅವರ ಬೆರಳು ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಮೊದಲ ಸಲ ಬುದ್ಧಿ ಹಾಕುವಾಗ ಗಾಬರಿಯಲ್ಲಿ ವೈರು ಜಗ್ಗಿದೆ. ಸಾಕೆಟ್ಟೇ ಕಿತ್ತು ಬಂತು. ಬೋರ್ಡು ಸತ್ತಂತೆ ಮಲಗಿತು. ನನಗೆ ಅಳು ಬಂತು. ಅಕ್ಕೋರು ಗಂಡನ ಕಡೆ ನೋಡಿದರು. ಕಾಕಾ ಮೈಕಿನ ಕೆಲಸ ಪಕ್ಕಕ್ಕಿಟ್ಟು, ಸಾಕೆಟ್ಟನ್ನು ಮತ್ತೆ ಬೆಸೆದು ಕೊಟ್ಟರು. ಅಕ್ಕೋರು ಕನ್ನಡಕ ಏರಿಸಿ ಆ ಬೆಸುಗೆಯನ್ನು ಬಹಳ ಹೊತ್ತು ನೋಡಿದರು. “ಪರವಾಗಿಲ್ಲ,” ಅಂದರು. ಕಾಕಾ ಮುಖ ಆ ಕಡೆ ತಿರುಗಿಸಿ ನಕ್ಕದ್ದು ನನಗೆ ಕಾಣಿಸಿತು.

ಎರಡನೇ ಸಲ ಅಕ್ಕೋರು ತಮ್ಮ ಪಿನ್ನು ಕಿತ್ತು ನನ್ನ ಕೈಗೆ ಕೊಟ್ಟು, ಸೆರಗು ಕಚ್ಚಿ ನಿಂತರು. ಚುಚ್ಚಿದೆ. ಹಾಕಿದೆ. ಪಿಳಕ್ ಅಂತು. ‘ಸ್ವಾತಂತ್ರ್ಯ’ ಅಂತ ಹೊಡೆದು ನೋಡಿದೆ. ಎಲ್ಲ ಒತ್ತುಗಳೂ ಕೂತಿದ್ದವು. ಅರ್ಧ ಬೆರಳು ಚುರುಗುಟ್ಟುತ್ತಿತ್ತು.

ಪರೀಕ್ಷೆಯ ದಿನ ಅದೇ ಮೇಲ್ವಿಚಾರಕಿ. ನನ್ನ ಕೀಬೋರ್ಡನ್ನು ಬಿಸಿ ಹಂಚು ಮುಟ್ಟುವವರ ಹಾಗೆ ಮುಟ್ಟಿದರು. ಎರಡೂ ಮೂಲೆ ಬೇಕೆಂದೇ ಒತ್ತಿದರು. ಒಂದು ಗುಂಡಿ ಒತ್ತಿದರು. ‘ಕ’ ಬಂತು. ಮತ್ತೊಂದು, ‘ಮ’. ಅವರ ಮುಖದಲ್ಲಿ ಸಮಾಧಾನದ ಜೊತೆ ಸಣ್ಣ ನಿರಾಸೆಯೂ ಕಂಡಂತಾಯಿತು. “ಹೊಡಿಯವ್ವ,” ಅಂದರು. ಗಂಟೆ ಬಾರಿಸುವ ಮೊದಲೇ ನಾನು ಮುಗಿಸಿ ಕೂತಿದ್ದೆ.

ಪಾಸಾದ ಸುದ್ದಿ ಬಂದ ದಿನ ಅಕ್ಕೋರು ಸೆರಗಿನ ಪಿನ್ನು ಕೈಯಲ್ಲಿ ಹಿಡಿದು ಸಾಹೇಬರ ಮೇಜಿನ ಕಡೆಯಿಂದ ಬಂದರು. ಮಧ್ಯಾಹ್ನ ಸಾಹೇಬರು ಕಂಪ್ಯೂಟರಿನ ಮುಂದೆ ಕೂತು, ತಮ್ಮ ಹೆಸರು ಹೊಡೆದರೆ ಹಿಂದುಮುಂದಾಗಿ ಬರುತ್ತಿದೆ ಅಂತ ಕೂಗಿದರು. ಬಯ್ಯುವ ದನಿ ಅದಾಗಿರಲಿಲ್ಲ. ಹಬ್ಬ ಬಂದವರ ಹಾಗೆ ಕೂಗಿದರು.

ವರ್ಷ ತುಂಬುವುದರೊಳಗೆ ಅಕ್ಕೋರು ನಿವೃತ್ತರಾದರು. ಆಮೇಲೆ ಎರಡು ವರ್ಷ ಗಂಡನ ಅಂಗಡಿಯಲ್ಲೇ ಕೂತು ಕೀಬೋರ್ಡು ಕಟ್ಟಿದರು. ಹೋದ ತಿಂಗಳು ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ದವಾಖಾನೆ ಮುಟ್ಟುವಷ್ಟರಲ್ಲಿ ಹೋದರು.

ಮೂರನೆಯ ದಿನ ನಾನು ಮತ್ತೆ ಸುರಪುರಕ್ಕೆ ಹೋದಾಗ ಕಾಕಾ ಮುಚ್ಚಿದ ಅಂಗಡಿಯೊಳಗೆ ಒಬ್ಬರೇ ಕೂತಿದ್ದರು. ಮೇಜಿನ ಮೇಲೆ ಅಕ್ಕೋರ ಫೋನು ಗುಂಯ್ ಗುಂಯ್ ಅನ್ನುತ್ತಿತ್ತು.

“ಇದು ಸುಮ್ನಾಗವಲ್ದು. ಯಾರೋ ಇಂಗ್ಲಿಷಿನ್ಯಾಗ ಬರಿಯಾಕತ್ತಾರ. ನೋಡು ಜರಾ,” ಅಂದರು.

ತೆರೆದೆ. ಕೀಬೋರ್ಡು ಕಟ್ಟುವವರ ಒಂದು ಗುಂಪು. ಯಾವ ಯಾವ ದೇಶದವರೋ. ಅಕ್ಕೋರು ಇಂಥದೊಂದರಲ್ಲಿ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ‘ಬ್ರೋ, ಎಲ್ಲಿದ್ದೀ?’ ‘ಬ್ರೋ, ನಿನ್ನ ಫೈಲು ಹಾಕಿದೆ, ನನ್ನ ಬೋರ್ಡು ಎದ್ದು ಕೂತಿತು.’ ‘ಬ್ರೋ, ಮೂರು ದಿನ ಆಯ್ತು, ಹುಷಾರಿದ್ದೀ ತಾನೆ?’ ಎಲ್ಲರೂ ಅವರನ್ನು ಗಂಡಸು ಅಂದುಕೊಂಡಿದ್ದರು. ಹಿಂದಕ್ಕೆ ಓದುತ್ತ ಹೋದೆ. ಅಕ್ಕೋರು ಒಮ್ಮೆಯೂ ತಿದ್ದಿರಲಿಲ್ಲ. ಮನೆಯಲ್ಲಿ ಈ ಬೆಸುಗೆಯ ಹೊಗೆಗೆ ನಿನ್ನ ಹೆಂಡತಿ ಬಯ್ಯುವುದಿಲ್ಲವೇ ಅಂತ ಯಾರೋ ಕೇಳಿದ್ದರು. ಅದಕ್ಕೆ ಅವರು ಕೊಟ್ಟಿದ್ದ ಉತ್ತರ ಓದಿ ನಾನು ನಿಂತುಬಿಟ್ಟೆ.

“ಏನದ?” ಅಂದರು ಕಾಕಾ.

ಹೇಳಬೇಕೋ ಬೇಡವೋ ತಿಳಿಯದೆ, ಕನ್ನಡ ಮಾಡಿ ಓದಿದೆ: “ನನ್ನ ಹೆಂಡತಿಗೇ ರೇಡಿಯೋ ರಿಪೇರಿ ಅಂಗಡಿ ಇದೆ. ಮಾತು ಕಡಿಮೆ. ಸಿಟ್ಟು ಬಂದರೆ ಊಟ ಬಿಡುತ್ತಾಳೆ. ಬೆಸುಗೆ ನನ್ನಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ಅವಳಂಥ ಹೆಂಡತಿ ಸಿಗುವುದು ಕಷ್ಟ.”

“ಇನ್ನೊಮ್ಮಿ ಓದು,” ಅಂದರು. ಓದಿದೆ.

ಕಾಕಾನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಸದ್ದು ಮಾಡಿ, ಮೇಜು ಹಿಡಿದುಕೊಂಡು ನಕ್ಕರು. ಒಳಗಿನಿಂದ ಕಾಕಾನ ಅಕ್ಕ ಬಂದು ಇಣುಕಿ, ಸತ್ತ ಮನೆಯಲ್ಲಿ ಇದೇನೆಂದು ಕಣ್ಣು ಬಿಟ್ಟು ಹೋದರು.

“ಎಷ್ಟು ದಿನದಿಂದ ಹಿಂಗ?”

“ಎರಡು ವರ್ಷ ಆಗ್ಯದ್ರಿ ಕಾಕಾ.”

“ಎರಡು ವರ್ಷದಿಂದ ನಾ ಹೆಂಡ್ತಿ ಆಗೀನಿ. ನನಗ ಒಂದು ಮಾತು ಹೇಳಿಲ್ಲ ನೋಡು,” ಅಂದರು. 

ಟವೆಲಿನಿಂದ ಕಣ್ಣು ಒರೆಸಿಕೊಂಡರು. ಈಗ ಅವು ಬರೀ ನಗೆಯ ನೀರಾಗಿರಲಿಲ್ಲ.

“ಏನಂತ ಬರೀಲ್ರಿ ಇವರಿಗೆ? ಖರೇ ಹೇಳಿಬಿಡೂಣ್ರಿ?”

ಕಾಕಾ ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ಬ್ಯಾಡ. ಆಕಿ ಕಟ್ಟಿದ್ದು ನಾವ್ಯಾಕ ಬಿಚ್ಚೂಣು? ಹೆಂಡ್ತಿ ಬರಿಯಾಕತ್ತಾಳ ಅಂತ ಹಾಕು. ನಮ್ಮನಿಯವರು ತೀರಕೊಂಡ್ರು ಅಂತ ಬರಿ.”

ಹಾಗೆಯೇ ಬರೆದೆ. ಉತ್ತರಗಳು ಒಂದರ ಹಿಂದೊಂದು ಬರತೊಡಗಿದವು, ನಿಲ್ಲಲೇ ಇಲ್ಲ.

“ಏನಂತಾರ?”

“ನಿಮಗ ಸಿಸ್ಟರ್ ಅಂತಾರ್ರಿ ಕಾಕಾ. ಧೈರ್ಯ ತಗೋ ಸಿಸ್ಟರ್ ಅಂತ ಎಲ್ಲಾರೂ ಬರದಾರ.”

ಕಾಕಾ ತಲೆಯಾಡಿಸಿದರು. ಟವೆಲನ್ನು ತಲೆಯ ಮೇಲೆ ಸೆರಗಿನ ಹಾಗೆ ಎಳೆದುಕೊಂಡರು.

“ತಗೋತೀನಿ ಅಂತ ಬರಿ,” ಅಂದರು.